ಕಿಟಕಿ ತೆಗೆಸಿದವನು

ಜೂನ್ ೩

ಪ್ರೀತಿಯ ಬ್ಯಾಟರಿ,

ಈ ಹೆಸರು ನೋಡಿದ ತಕ್ಷಣ ಯಾರು ಬರೆದಿದ್ದು ಅಂತ ಗೊತ್ತಾಗಿರುತ್ತೆ. ಮದುವೆ ವಿಡಿಯೋ ಮಾಡ್ತಿದ್ದ ಆ ಸ್ಟುಡಿಯೋದಲ್ಲಿ ನಮ್ಮಿಬ್ಬರಿಗೂ ಹೆಸರಿಟ್ಟಿದ್ದು ನಮ್ಮ ಸಾಹುಕಾರರು. ಬ್ಯಾಟರಿ ಪೆಟ್ಟಿಗೆ ಹೊತ್ತುಕೊಂಡು ಓಡಾಡ್ತಿದ್ದೆ ಅಂತ ನೀನು ಬ್ಯಾಟರಿ, ಕ್ಯಾಮೆರಾ ಕೆಳಗಿಡೋದೇ ಇಲ್ಲ ಅಂತ ನಾನು ಲೆನ್ಸು. ಅವರು ಹೋಗಿ ವರ್ಷಗಳಾದವು. ಆ ಅಂಗಡಿಯಲ್ಲಿ ಈಗ ಚಪ್ಪಲಿ ಮಾರ್ತಾರೆ.

ನಿನಗೆ ಫೋನ್ ಮಾಡಿ ಮಾಡಿ ಸಾಕಾಯ್ತು ಕಣೋ. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ ಅಂತ ಆಮೇಲೆ ಗೊತ್ತಾಯ್ತು. ನಿಮ್ಮ ಚಾನೆಲ್‌ನ ವಿಡಿಯೋ ಕೆಳಗೆ ಈ ವಿಳಾಸ ಇತ್ತು. ನಿಮ್ಮ ಕಾರ್ಯಕ್ರಮ ಒಂದೂ ಬಿಡದೆ ನೋಡ್ತೀನಿ. ಟ್ರಾನ್ಸ್‌ಜೆಂಡರ್ ಹೆಂಗಸರನ್ನ ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿಗೆ ಹಾಕಬಾರದು ಅಂತ ನೀವು ಮಾಡ್ತಿರೋ ಹೋರಾಟ ನೋಡಿ ಹೆಮ್ಮೆ ಆಗುತ್ತೆ. ನನ್ನ ಮಗಳು ನಿನ್ನ ದೊಡ್ಡ ಅಭಿಮಾನಿ. ಊಟದ ತಟ್ಟೆ ಮುಂದಿಟ್ಟುಕೊಂಡು ನಿಮ್ಮ ವಿಡಿಯೋ ಹಾಕ್ತಾಳೆ.

ವಿಷಯಕ್ಕೆ ಬರ್ತೀನಿ. ನಾನು ಹಿಂದೆ ಇದ್ದ ಆ ಟಿವಿ ಚಾನೆಲ್ಲಿನ ‘ಬಾಗಿಲ ಹಿಂದೆ’ ಕಾರ್ಯಕ್ರಮದ ತುಣುಕನ್ನ ಯಾರೋ ಕೆದಕಿ ತೆಗೆದು ಮತ್ತೆ ಎಲ್ಲ ಕಡೆ ಹರಿಬಿಟ್ಟಿದ್ದಾರೆ. ನಾನೀಗ ಸ್ವಂತವಾಗಿ ಸಾಕ್ಷ್ಯಚಿತ್ರ ಮಾಡ್ತೀನಿ. ನನ್ನ ಚಿತ್ರ ತೋರಿಸ್ತೀವಿ ಅಂತ ಒಪ್ಪಿದ್ದ ಒಂದು ಚಿತ್ರೋತ್ಸವದವರು ಅದು ಹೇಗೋ ಆ ತುಣುಕನ್ನ ಶೂಟ್ ಮಾಡಿದ್ದು ನಾನೇ ಅಂತ ಪತ್ತೆ ಹಚ್ಚಿ ಈಗ ಹಿಂದೆ ಸರಿದಿದ್ದಾರೆ. ಮಗಳಿಗೆ ಇನ್ನೂ ಗೊತ್ತಿಲ್ಲ. ಆ ತುಣುಕು ನೋಡಿ, ‘ಇದನ್ನ ತೆಗೆದವನು ಮನುಷ್ಯನೇನಪ್ಪಾ’ ಅಂತ ನನ್ನನ್ನೇ ಕೇಳಿದಳು.

ನೀನು ಎರಡು ಮಾತು ಹೇಳಿದರೆ ಸಾಕು. ಅವನು ನಮ್ಮ ಹಳೇ ಸ್ನೇಹಿತ, ಆಗ ಅವನೂ ಸಂಬಳಕ್ಕೆ ಇದ್ದವನು, ನಾವು ಅದನ್ನೆಲ್ಲ ಮರೆತಿದ್ದೀವಿ ಅಂತ. ನಿನ್ನ ಬಾಯಿಂದ ಬಂದರೆ ಯಾರೂ ಮತ್ತೆ ಉಸಿರೆತ್ತಲ್ಲ.

ಉತ್ತರಕ್ಕೆ ಕಾಯ್ತಿರೋ ನಿನ್ನ,
ಲೆನ್ಸ್


ಜೂನ್ ೧೫

ಲೆನ್ಸ್‌ಗೆ,

ಫೋನಿನಲ್ಲಿ ಮಾತಾಡಬಹುದಿತ್ತು. ಆದರೆ ನನ್ನ ದನಿ ನಿನ್ನ ಕಿವಿಗೆ ಬೀಳೋದು ನನಗೆ ಇಷ್ಟ ಇಲ್ಲ. ಅದಕ್ಕೇ ಬರೀತಿದ್ದೀನಿ.

ನನ್ನನ್ನ ‘ಕಣೋ’ ಅಂದಿದ್ದೀಯ. ನಾನು ಹೆಣ್ಣು ಅಂತ ಈ ಪ್ರಪಂಚದಲ್ಲಿ ಮೊಟ್ಟಮೊದಲು ಬಾಯಿಬಿಟ್ಟು ಹೇಳಿದ್ದು ನಿನ್ನ ಹತ್ತಿರ. ಸ್ಟುಡಿಯೋದ ಎಡಿಟಿಂಗ್ ರೂಮಿನಲ್ಲಿ, ಯಾರದೋ ಮದುವೆ ಕತ್ತರಿಸ್ತಾ ಕೂತಿದ್ದಾಗ. ನೀನು, ‘ಅಷ್ಟೇ ತಾನೇ, ಟೀ ಕುಡೀತೀಯೇನೇ?’ ಅಂದೆ. ಆ ಒಂದು ಮಾತಿಗೆ ನಾನು ನಿನಗೆ ಎಷ್ಟು ವರ್ಷ ಋಣಿಯಾಗಿದ್ದೆ ಅಂತ ನಿನಗೆ ಗೊತ್ತಿಲ್ಲ. ಮನೆಯವರು ಆಚೆ ಹಾಕಿದಾಗ ನನ್ನ ಹೊಸ ವಿಳಾಸ ಇದ್ದಿದ್ದು ನಿನ್ನೊಬ್ಬನ ಹತ್ತಿರವೇ. ಆ ವಿಳಾಸ ತಾನೇ ನಿನಗೆ ಬಡ್ತಿ ಕೊಡಿಸಿದ್ದು.

ಮರೆತಿದ್ದೀವಿ ಅಂತ ಹೇಳಬೇಕಂತೆ. ಆಗಲಿ, ಏನೇನು ಮರೀಬೇಕು ಅಂತ ಮೊದಲು ನೋಡೋಣ.

ಮಹಡಿ ಮೇಲಿನ ಮನೆ. ನಾನು, ಹೊಲಿಗೆಯವಳು, ದೊಡ್ಡಮ್ಮ. ದೊಡ್ಡಮ್ಮ ನಮ್ಮಿಬ್ಬರಿಗೂ ಹೊಟ್ಟೆಗೆ ಹಾಕಿ ಸಾಕಿದವಳು. ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಅವಳೂ ನಮ್ಮ ಹಾಗೇ ಅಂತ ಅಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಮಕ್ಕಳು ಅವಳ ಸೆರಗು ಹಿಡಿದುಕೊಂಡು ಇನ್ನೊಂದು ಸೌಟು ಹಾಕಿ ಅಂತ ಪೀಡಿಸ್ತಿದ್ದವು. ದಿನಾ ಬೆಳಿಗ್ಗೆ ನಾವು ಏಳೋಕೆ ಮುಂಚೆ ಕನ್ನಡಿ ಮುಂದೆ ಕೂತು ಗಲ್ಲ ಬೋಳಿಸಿಕೊಳ್ತಿದ್ದಳು. ಅದನ್ನ ನಾವೂ ನೋಡೋ ಹಾಗಿರಲಿಲ್ಲ. ನೋಡಿದರೂ ನೋಡದ ಹಾಗೆ ಮಗ್ಗುಲು ಬದಲಿಸಿ ಮಲಗ್ತಿದ್ದೆವು.

ನೀನು ನನ್ನ ಸ್ನೇಹಿತ ಅಂತ ಬಂದೆ, ಒಂದು ರಾತ್ರಿ ಉಳಿದುಕೊಂಡೆ. ನಿನಗೆ ಹಾಸಿಗೆ ಬಿಟ್ಟುಕೊಟ್ಟು ಅವಳು ನೆಲದ ಮೇಲೆ ಮಲಗಿದಳು. ಬೆಳಿಗ್ಗೆ ನಿನ್ನ ಚೀಲದೊಳಗಿನ ಕ್ಯಾಮೆರಾ ಕನ್ನಡಿ ಮುಂದೆ ಕೂತಿದ್ದ ಅವಳನ್ನ ತಿಂದುಹಾಕಿತು. ಟಿವಿಯಲ್ಲಿ ಬಂದಾಗ ಹೆದರಿಸೋ ಸಂಗೀತ ಬೇರೆ, ಕೆಳಗೆ ಕೆಂಪು ಅಕ್ಷರ ಬೇರೆ. ‘ನಿಮ್ಮ ಮಕ್ಕಳಿಗೆ ಅಡುಗೆ ಮಾಡ್ತಿರೋರು ಯಾರು ಗೊತ್ತಾ?’

ಮಾರನೇ ದಿನವೇ ಕೆಲಸ ಹೋಯ್ತು, ವಾರ ತುಂಬೋದರೊಳಗೆ ಮನೆಯೂ ಹೋಯ್ತು. ಆಮೇಲೆ ಹೋದ ಕಡೆಯೆಲ್ಲ ಅವಳು ಕನ್ನಡಿಗೆ ಟವೆಲ್ ಹೊದಿಸ್ತಿದ್ದಳು. ಕೆಮ್ಮು ಹಿಡಿದು ಆಸ್ಪತ್ರೆಗೆ ಸೇರಿಸಿದಾಗ ಗಂಡಸರ ವಾರ್ಡಿಗೆ ಹಾಕಿದರು. ಪಕ್ಕದ ಮಂಚದವನು, ‘ಟಿವಿಯಲ್ಲಿ ಗಡ್ಡ ಬೋಳಿಸಿಕೊಳ್ತಿದ್ದವಳಲ್ವಾ ಇವಳು’ ಅಂದ. ಅವತ್ತೇ ಎದ್ದು ಬಂದುಬಿಟ್ಟಳು. ಆಮೇಲೆ ನಾವು ಕಾಲಿಗೆ ಬಿದ್ದರೂ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ರೈಲು ಹಳಿ ಪಕ್ಕದ ಸ್ಮಶಾನದಲ್ಲಿ, ನಲ್ಲಿ ಇರೋ ಗೋಡೆ ಕಡೆ ಮಲಗಿದ್ದಾಳೆ. ನಿನಗೆ ಯಾರೂ ಹೇಳಿರಲ್ಲ, ನೀನೂ ಕೇಳಿರಲ್ಲ. ವಾರ್ಡಿನ ಹೋರಾಟದಲ್ಲಿ ನಾವು ಎಷ್ಟೋ ಜನರ ಕಥೆ ಹೇಳಿದೆವು, ಅವಳದ್ದು ಮಾತ್ರ ಹೇಳಲಿಲ್ಲ. ಹೇಳಲಾ ಅಂತ ಕೇಳೋಕೆ ಅವಳಿರಲಿಲ್ಲ.

ನೀನು ಸಂಬಳಕ್ಕಿದ್ದವನು ಅಂತೀಯ. ಅವಳೂ ಸಂಬಳಕ್ಕಿದ್ದವಳೇ ಕಣೋ.

ನಿನ್ನ ಹೊಟ್ಟೆಗೆ ಬೆಂಕಿ ಬಿದ್ದಿದೆ ಅಂತ ಓದಿ ನನಗೆ ಸಂತೋಷ ಆಯ್ತು. ಸುಳ್ಳು ಯಾಕೆ ಹೇಳಲಿ, ಪತ್ರ ಎರಡು ಸಲ ಓದಿದೆ.

ಅಕ್ಕ
(ಇಲ್ಲಿ ಎಲ್ಲರೂ ಹಾಗೇ ಕರೀತಾರೆ. ಬ್ಯಾಟರಿ ಅಂತ ಕರೆಯೋ ಹಕ್ಕು ನಿನಗಿಲ್ಲ.)


ಜೂನ್ ೨೭

ಅಕ್ಕಾವ್ರಿಗೆ,

ಅವರು ಹೋಗಿಬಿಟ್ಟಿದ್ದಾರೆ ಅಂತ ನಿಜವಾಗಿಯೂ ಗೊತ್ತಿರಲಿಲ್ಲ. ನಿಮ್ಮ ಪತ್ರವನ್ನ ಮನೆಯಲ್ಲಿ ಓದೋಕೆ ಆಗದೆ ಕಾರಿನಲ್ಲಿ ಕೂತು ಓದಿದೆ.

ನನ್ನ ಕಡೆಯದ್ದೂ ಒಂದಿಷ್ಟಿದೆ. ಯಾವ ಮುಖ ತೋರಿಸಬೇಕು, ಯಾವ ಸಂಗೀತ ಹಾಕಬೇಕು ಅಂತ ತೀರ್ಮಾನ ಮಾಡೋನು ಕ್ಯಾಮೆರಾದವನಲ್ಲ. ಮುಖ ಮಸುಕು ಮಾಡ್ತೀವಿ ಅಂತ ಮಾತು ಕೊಟ್ಟಿದ್ದರು. ಮಗಳು ಆಗ ತೊಟ್ಟಿಲಲ್ಲಿದ್ದಳು, ಕೆಲಸ ಬಿಟ್ಟರೆ ಬೀದಿಪಾಲು. ಇದು ನೆಪ ಅಂತ ನಿಮಗೆ ಅನ್ನಿಸಬಹುದು.

ಬೇಕಾದರೆ ಬರಹದಲ್ಲಿ ಕ್ಷಮೆ ಕೇಳ್ತೀನಿ. ವಕೀಲರ ಹತ್ತಿರ ಒಂದು ಹೇಳಿಕೆ ಬರೆಸಿ ಇದರ ಜೊತೆ ಇಟ್ಟಿದ್ದೀನಿ, ಚೆನ್ನಾಗಿ ಬಂದಿದೆ. ನಿಮ್ಮ ಚಾನೆಲ್‌ನಲ್ಲಿ ಓದಿಬಿಡಿ. ನನ್ನ ಹೆಸರು ಬೇಡ, ‘ಆಗಿನ ತಂಡದ ಒಬ್ಬರು’ ಅಂದರೆ ಸಾಕು. ಚಿತ್ರೋತ್ಸವದವರಿಗೆ ಅದನ್ನೇ ತೋರಿಸ್ತೀನಿ.

ಇಂತಿ,
ಲೆನ್ಸ್


ಜುಲೈ ೪

ಲೆನ್ಸ್‌ಗೆ,

ಬಹುವಚನ ಬೇಡ. ಹೆದರಿಕೆಗೆ ಕೊಡೋ ಮರ್ಯಾದೆ ನನಗೆ ಬೇಕಾಗಿಲ್ಲ.

ನಿನ್ನ ವಕೀಲರ ಹೇಳಿಕೆ ಓದಿದೆ. ‘ಮನಸ್ಸಿಗೆ ನೋವಾಗಿದ್ದಲ್ಲಿ’ ಅಂತ ಇದೆ. ಆಗಿದ್ದಲ್ಲಿ! ಇಲ್ಲಿ ಜೋರಾಗಿ ಓದಿದೆ, ನಗು ತಡೆಯೋಕಾಗದೆ ಒಬ್ಬಳ ಮೂಗಿಗೆ ಟೀ ಹತ್ತಿತು. ಹೊಲಿಗೆಯವಳು ಆ ಕಾಗದ ಇಸ್ಕೊಂಡು ಅಲ್ಲಾಡ್ತಿದ್ದ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದಾಳೆ. ಈಗ ಮೇಜು ನೆಟ್ಟಗೆ ನಿಂತಿದೆ.

ನಿನಗೆ ನನ್ನ ಬಾಯಿಂದ ಒಂದು ಮಾತು ಬೇಕಾದರೆ ಇಲ್ಲಿಗೆ ಬಾ. ನಮ್ಮ ಕ್ಯಾಮೆರಾ ಮುಂದೆ ಕೂತು, ನೀನು ಮಾಡಿದ್ದನ್ನ ನಿನ್ನ ಬಾಯಿಂದ ಹೇಳು. ಮುಖ ಕಾಣಬೇಕು. ಕಾಗದ ನೋಡಿ ಓದೋ ಹಾಗಿಲ್ಲ.

ಹೆದರಬೇಡ, ನಾವು ನಿನ್ನ ಹಾಗೆ ಮಾಡಲ್ಲ. ನಮ್ಮಲ್ಲಿ ಒಂದು ನಿಯಮ ಇದೆ. ಯಾರ ಮುಖ ತೋರಿಸ್ತೀವೋ, ಯಾರ ಕಥೆ ಹೇಳ್ತೀವೋ, ಅವರು ಪೂರ್ತಿ ವಿಡಿಯೋ ನೋಡಿ ಹೂಂ ಅನ್ನಬೇಕು. ಉಹೂಂ ಅಂದರೆ ಅಲ್ಲಿಗೆ ಮುಗೀತು. ಯಾಕೆ ಅಂತಲೂ ಕೇಳೋ ಹಾಗಿಲ್ಲ. ಎಷ್ಟೋ ಒಳ್ಳೊಳ್ಳೆ ವಿಡಿಯೋ ಹೀಗೇ ಕಪಾಟು ಸೇರಿವೆ. ಒಬ್ಬ ಪೊಲೀಸಿನವನು ತಾನೇ ಒಪ್ಪಿ ಮಾತಾಡಿ, ಆಮೇಲೆ ಬೇಡ ಅಂದ. ನಮ್ಮವರೆಲ್ಲ ಮೈ ಪರಚಿಕೊಂಡರು, ಆದರೂ ಹಾಕಲಿಲ್ಲ. ಈ ನಿಯಮ ಹುಟ್ಟಿದ್ದು ನಿನ್ನಿಂದ. ಮೊದಲನೇ ಮೀಟಿಂಗಿನಲ್ಲಿ ಚಾನೆಲ್ಲಿಗೆ ಹೆಸರೇನು ಅಂತ ತೀರ್ಮಾನ ಆಗೋಕೆ ಮುಂಚೆ ಇದು ತೀರ್ಮಾನ ಆಗಿತ್ತು.

ನಿನಗೂ ಅದೇ ಮರ್ಯಾದೆ ಸಿಗುತ್ತೆ. ಕೊಡೋಕೆ ನನ್ನ ಮೈ ಉರಿಯುತ್ತೆ, ಆದರೂ ಕೊಡ್ತೀನಿ.

ಭಾನುವಾರ ನಾವೆಲ್ಲ ಇರ್ತೀವಿ. ಚೀಲ ಹೊರಗಿಟ್ಟು ಒಳಗೆ ಬಾ.

ಅಕ್ಕ


ಆಗಸ್ಟ್ ೯

ಲೆನ್ಸ್‌ಗೆ,

ಇದರ ಜೊತೆ ಒಂದು ಪೆನ್ ಡ್ರೈವ್ ಇದೆ. ನಿನ್ನ ವಿಡಿಯೋ. ನಮ್ಮ ಎಡಿಟರ್ (ನಾವೆಲ್ಲ ಅವಳನ್ನ ಕತ್ತರಿ ಅಂತ ಕರೀತೀವಿ) ಎಲ್ಲೂ ಅತಿ ಮಾಡದೆ ಎಡಿಟ್ ಮಾಡಿದ್ದಾಳೆ. ಸಂಗೀತ ಇಲ್ಲ, ಕೆಂಪು ಅಕ್ಷರ ಇಲ್ಲ.

ನೀನು ಬರ್ತೀಯ ಅಂತ ನಾನು ನಂಬಿರಲಿಲ್ಲ. ಬಾಗಿಲಲ್ಲಿ ನಿಂತಿದ್ದಾಗ ನಿನ್ನ ತಲೆ ನರೆತಿದ್ದು ನೋಡಿ ಒಂದು ಕ್ಷಣ ಅಯ್ಯೋ ಅನ್ನಿಸ್ತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ನೀನು ಒಳಗೆ ಬಂದವನೇ ನಮ್ಮ ಲೈಟು ನೋಡಿ, ಸ್ವಲ್ಪ ಎಡಕ್ಕೆ ಸರಿಸಿ ಅಂದೆಯಲ್ಲ, ಅಲ್ಲಿಗೆ ಹೋಯ್ತು.

ಮೊದಲರ್ಧ ನೀನು ಕಂಠಪಾಠ ಮಾಡಿಕೊಂಡು ಬಂದಿದ್ದನ್ನೇ ಹೇಳಿದೆ. ಒತ್ತಡ ಇತ್ತು, ವಯಸ್ಸಾಗಿರಲಿಲ್ಲ, ಮೇಲಿನವರು ಹೀಗಂದರು. ಕತ್ತರಿ ಆಕಳಿಸಿದ್ದು ನಿನಗೂ ಕಂಡಿರುತ್ತೆ. ನನ್ನ ಹತ್ತಿರ ಬೈಗುಳದ ಗಂಟೇ ಇತ್ತು, ಒಂದನ್ನೂ ಬಿಚ್ಚಲಿಲ್ಲ. ಕಸುಬಿನವಳು ಕಸುಬಿನವನನ್ನ ಕೇಳೋ ಹಾಗೆ ಒಂದೇ ಒಂದು ಪ್ರಶ್ನೆ ಕೇಳಿದೆ. ಅಷ್ಟು ಕತ್ತಲೆ ಕೋಣೆ ಅದು, ಚೀಲದೊಳಗಿನ ಕ್ಯಾಮೆರಾಗೆ ಅಷ್ಟು ಚೆನ್ನಾಗಿ ಮುಖ ಹೇಗೆ ಸಿಕ್ತು?

ನಿನ್ನ ಕಣ್ಣು ಅರಳಿತು ನೋಡು. ನಾನು ನೋಡಿದೆ, ನಮ್ಮ ಕ್ಯಾಮೆರಾನೂ ನೋಡಿದೆ. ಎಷ್ಟು ಉತ್ಸಾಹದಿಂದ ವಿವರಿಸಿದೆ! ಹಿಂದಿನ ರಾತ್ರಿಯೇ ಕನ್ನಡಿ ಎಲ್ಲಿದೆ ಅಂತ ನೋಡಿಟ್ಟುಕೊಂಡಿದ್ದೆಯಂತೆ. ಚೀಲವನ್ನ ಕಪಾಟಿನ ಮೇಲೆ ಇಟ್ಟೆಯಂತೆ. ಬೆಳಕು ಸಾಲದು ಅಂತ ಗೊತ್ತಾಗಿ, ಮಲಗಿದ್ದವನು ಎದ್ದು ಕೂತು, ‘ಸೆಕೆ ಆಗ್ತಿದೆ ದೊಡ್ಡಮ್ಮ, ಕಿಟಕಿ ತೆಗೀತೀರಾ’ ಅಂದೆಯಂತೆ. ಅವಳು ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಎದ್ದು, ನಿನಗೆ ಮುಖ ಕಾಣದ ಹಾಗೆ ಗೋಡೆ ಕಡೆ ತಿರುಗಿಕೊಂಡು ಹೋಗಿ, ಕಿಟಕಿ ತೆಗೆದು ಬಂದು ಮತ್ತೆ ಕೂತಳಂತೆ. ‘ನಿದ್ದೆ ಮಾಡಪ್ಪಾ’ ಅಂದಳಂತೆ.

ಅಷ್ಟು ಹೇಳಿದ ಮೇಲೆ, ಏನು ಹೇಳಿದೆ ಅಂತ ನಿನಗೇ ಆಗ ಕೇಳಿಸಿತು ಅನ್ಸುತ್ತೆ. ಆಮೇಲೆ ಅತ್ತೆ. ಅತ್ತಿದ್ದನ್ನೂ ಕತ್ತರಿ ಹಾಗೇ ಇಟ್ಟಿದ್ದಾಳೆ.

ಇಷ್ಟು ವರ್ಷ ನಾನು, ಅವಳ ಗ್ರಹಚಾರ, ಅವತ್ತು ಕಿಟಕಿ ತೆಗೆದಿತ್ತು ಅಂದುಕೊಂಡಿದ್ದೆ. ಕಿಟಕಿ ತೆಗೆಸಿದವನು ನೀನು.

ನೋಡು. ನೋಡಿ ಹೂಂ ಅನ್ನು. ಆಮೇಲೆ ಇದನ್ನ ಊರಿಗೆಲ್ಲ ತೋರಿಸ್ತೀನಿ. ಇದನ್ನ ಬರೆಯೋವಾಗಲೇ ನನಗೆ ಖುಷಿ ತಡೆಯೋಕಾಗ್ತಿಲ್ಲ.

ಅಕ್ಕ


ಆಗಸ್ಟ್ ೨೦

ಅಕ್ಕ,

ಪೂರ್ತಿ ನೋಡಿದೆ. ಬೇಡ.

ಕ್ಷಮೆ ಕೇಳಿದ ಭಾಗ ಮಾತ್ರ ಇಟ್ಟುಕೊಂಡು ಆ ಕಿಟಕಿಯ ಭಾಗ ತೆಗೆದರೆ ನನ್ನ ಒಪ್ಪಿಗೆ ಇದೆ. ಅದು ಇದ್ದರೆ ಆಗಲ್ಲ. ನನ್ನ ಮಗಳು ಅದನ್ನ ನೋಡಿದರೆ ಮತ್ತೆ ನನ್ನ ಮುಖ ನೋಡಲ್ಲ. ಆ ಮನುಷ್ಯ ಮಾತಾಡೋ ರೀತಿ ನೋಡಿ ನನಗೇ ಹೇಸಿಗೆ ಆಯ್ತು. ಅದು ನಾನಲ್ಲ ಅಂತ ಹೇಳಲ್ಲ. ಆದರೆ ಅಷ್ಟೇ ನಾನಲ್ಲ.

ನೀನು ನನ್ನನ್ನ ಬೇಕಂತಲೇ ಆ ಪ್ರಶ್ನೆ ಕೇಳಿ ಹಳ್ಳಕ್ಕೆ ಕೆಡವಿದೆ. ನನ್ನ ದೌರ್ಬಲ್ಯ ನಿನಗೆ ಗೊತ್ತಿತ್ತು. ಕೆಲಸದ ಮಾತು ತೆಗೆದರೆ ನಾನು ಮೈಮರೀತೀನಿ ಅಂತ ಗೊತ್ತಿದ್ದವಳು ನೀನೊಬ್ಬಳೇ. ಸ್ನೇಹ ಇದ್ದವರಿಗೆ ಮಾತ್ರ ಹೀಗೆ ಇರಿಯೋಕೆ ಬರುತ್ತೆ.

ನಿಮ್ಮ ನಿಯಮ ನೀನೇ ಹೇಳಿದ್ದೀಯ. ಉಹೂಂ ಅಂದರೆ ಮುಗೀತು ಅಂತ. ಆ ಮಾತಿಗೆ ನಿಲ್ಲು.

ಲೆನ್ಸ್


ಆಗಸ್ಟ್ ೨೮

ಲೆನ್ಸ್‌ಗೆ,

ನಿಲ್ತೀನಿ. ಹಲ್ಲು ಕಚ್ಚಿಕೊಂಡು ನಿಲ್ತೀನಿ.

ಸ್ನೇಹ ಇದ್ದವರಿಗೆ ಮಾತ್ರ ಇರಿಯೋಕೆ ಬರುತ್ತೆ ಅಂದೆಯಲ್ಲ, ಅದು ನಿನಗೆ ಈಗ ಹೊಳೀತಾ? ನನಗೆ ಯಾವಾಗಲೋ ಗೊತ್ತು.

ನಿನ್ನ ಪತ್ರ ಬಂದ ದಿನ ಇಲ್ಲಿ ದೊಡ್ಡ ರಾದ್ಧಾಂತ ಆಯ್ತು. ಹಾಕಿಬಿಡೋಣ, ಇವನಿಗೆಂಥಾ ನಿಯಮ ಅಂತ ಹೊಲಿಗೆಯವಳು ಕೂಗಾಡಿದಳು. ನನಗೂ ಹಾಗೇ ಅನ್ನಿಸಿತ್ತು, ಬಾಯಿ ಬಿಟ್ಟು ಹೇಳೋ ಧೈರ್ಯ ಇರಲಿಲ್ಲ. ಕತ್ತರಿ ಸುಮ್ಮನೆ ಕಂಪ್ಯೂಟರ್ ಆಫ್ ಮಾಡಿ, ಇವನಿಗೋಸ್ಕರ ಮುರಿದರೆ ನಾಳೆ ಇನ್ನೊಬ್ಬರಿಗೋಸ್ಕರ ಮುರೀತೀರಿ, ಆಮೇಲೆ ನಾವೂ ‘ಬಾಗಿಲ ಹಿಂದೆ’ಯವರೇ ಅಂದಳು. ಅವಳು ಹೇಳಿದ್ದು ಸರಿ. ಸರಿ ಅನ್ನೋದಕ್ಕೇ ಇನ್ನೂ ಸಿಟ್ಟು ಬಂತು.

ಕಿಟಕಿಯ ಭಾಗ ತೆಗೆದು ಹಾಕೋ ಮಾತು ಬಿಡು. ಅಳು ಮಾತ್ರ ತೋರಿಸಿ, ಯಾಕೆ ಅತ್ತೆ ಅನ್ನೋದನ್ನ ಮುಚ್ಚಿಡೋ ಎಡಿಟಿಂಗ್ ನಮಗೆ ಬರಲ್ಲ.

ನಿನ್ನ ಮುಖ ತೋರಿಸಲ್ಲ. ದನಿ ಕೇಳಿಸಲ್ಲ. ಹೆಸರು ಹೇಳಲ್ಲ. ನೀನು ಕೂತಿದ್ದ ಕುರ್ಚಿಯನ್ನೂ ತೋರಿಸಲ್ಲ. ಆದರೆ ನಿನಗೆ ಅಂತ ಎತ್ತಿಟ್ಟಿದ್ದ ಹೊತ್ತು ನಮ್ಮದು. ಅದರಲ್ಲಿ ಏನು ತೋರಿಸಬೇಕು ಅಂತ ನಿನ್ನನ್ನ ಕೇಳಬೇಕಾಗಿಲ್ಲ. ನೀನು ಮಾತಾಡಿದ ಅಷ್ಟೂ ಹೊತ್ತು ಕಪ್ಪು ಪರದೆ ಇರುತ್ತೆ. ಅದರ ಮೇಲೆ ಇಷ್ಟೇ ಬರೀತೀವಿ:

‘ನಮ್ಮ ಮನೆಯೊಳಗೆ ಕದ್ದು ಚಿತ್ರ ತೆಗೆದಿದ್ದ ಒಬ್ಬರು ಇಲ್ಲಿ ಮಾತಾಡಿದ್ದರು. ತೋರಿಸಬಹುದಾ ಅಂತ ಕೇಳಿದೆವು. ಬೇಡ ಅಂದರು. ಅದಕ್ಕೇ ತೋರಿಸುತ್ತಿಲ್ಲ. ನಮ್ಮನ್ನು ಯಾರೂ ಕೇಳಿರಲಿಲ್ಲ.’

ಪ್ರತಿ ತಿಂಗಳ ಮೊದಲ ಭಾನುವಾರ ಹಾಕ್ತೀವಿ. ಊಟದ ಹೊತ್ತಿಗೆ ಬರುತ್ತೆ. ನಿನ್ನ ಮಗಳು ತಟ್ಟೆ ಮುಂದಿಟ್ಟುಕೊಂಡು ನೋಡ್ತಾಳೆ ಅಂದಿದ್ದೆಯಲ್ಲ. ನೀನೂ ಪಕ್ಕದಲ್ಲಿ ಕೂತು ನೋಡು.

ಅಕ್ಕ


ಅಕ್ಟೋಬರ್ ೬

ಅಕ್ಕಾ,

ನನ್ನ ಪರಿಚಯ ನಿಮಗಿಲ್ಲ. ಕಾಲೇಜಿನಲ್ಲಿ ಓದ್ತಿದ್ದೀನಿ. ವಾರ್ಡಿನ ಹೋರಾಟಕ್ಕೆ ನಮ್ಮ ಕಾಲೇಜಿನಿಂದ ಸಹಿ ಸಂಗ್ರಹಿಸಿ ಕಳಿಸಿದ ಗುಂಪಿನಲ್ಲಿ ನಾನೂ ಇದ್ದೆ.

ಹೋದ ತಿಂಗಳು ನಿಮ್ಮ ಕಪ್ಪು ಪರದೆ ಬಂದಾಗ ಏನೋ ಕೆಟ್ಟಿದೆ ಅಂತ ಅಪ್ಪ ಟಿವಿ ಆಫ್ ಮಾಡಿದರು. ನಿನ್ನೆ ಮತ್ತೆ ಬಂತು. ಅಪ್ಪ ತಟ್ಟೆ ಬಿಟ್ಟು ಎದ್ದುಹೋಗಿ ಬಚ್ಚಲುಮನೆ ಬಾಗಿಲು ಹಾಕಿಕೊಂಡರು. ನಲ್ಲಿ ಬಿಟ್ಟಿದ್ದರು. ನೀರು ಸುಮ್ಮನೆ ಹರೀತಾನೇ ಇತ್ತು. ಅಮ್ಮ ನನ್ನ ಮುಖ ನೋಡಲಿಲ್ಲ.

ಅಪ್ಪ ಕ್ಯಾಮೆರಾ ಕೆಲಸದವರು. ಮೊದಲು ‘ಬಾಗಿಲ ಹಿಂದೆ’ ಬರ್ತಿದ್ದ ಟಿವಿ ಚಾನೆಲ್ಲಿನಲ್ಲಿದ್ದರು. ನಾನು ಹೆಚ್ಚು ಕೇಳಲ್ಲ. ಆ ಕಪ್ಪು ಪರದೆಯ ಹಿಂದೆ ಇರೋದು ನಮ್ಮಪ್ಪನಾ? ಹೌದು ಅಥವಾ ಅಲ್ಲ ಅಂತ ಬರೆದರೆ ಸಾಕು.

ಇಂತಿ ನಿಮ್ಮ ಅಭಿಮಾನಿ


ಅಕ್ಟೋಬರ್ ೧೨

ಮಗಳೇ,

ನಿನ್ನ ಪತ್ರ ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಸಹಿ ಕಳಿಸಿದ ನಿಮ್ಮ ಕಾಲೇಜಿನವರ ಉಪಕಾರ ನಾವು ಮರೆಯಲ್ಲ. ವಿಚಾರಣೆಯ ದಿನ ಆ ಕಟ್ಟು ನೋಡಿದ ಮೇಲೇ ಅಧಿಕಾರಿಗಳು ನಮಗೆ ಕೂತುಕೊಳ್ಳಿ ಅಂದಿದ್ದು.

ಅಲ್ಲಿ ಕೂತು ಮಾತಾಡಿದವರು ಯಾರು ಅಂತ ನಾನು ಹೇಳೋ ಹಾಗಿಲ್ಲ. ಬೇಡ ಅಂದವರ ಹೆಸರನ್ನ ನಾವು ಯಾರಿಗೂ ಬಿಟ್ಟುಕೊಡಲ್ಲ. ಹೌದು ಅಂತಲೂ ಬರೆಯಲ್ಲ, ಅಲ್ಲ ಅಂತಲೂ ಬರೆಯಲ್ಲ. ನೀನು ನನ್ನ ಸ್ವಂತ ಮಗಳಾಗಿದ್ದರೂ ಇದೇ ಉತ್ತರ.

ನಿನ್ನ ಮನೆಯಲ್ಲೇ ಕ್ಯಾಮೆರಾ ಕೆಲಸ ಗೊತ್ತಿರೋರಿದ್ದಾರೆ. ಅವರನ್ನೇ ಕೇಳು. ಚೀಲದಲ್ಲಿ ಅಡಗಿಸಿಟ್ಟ ಕ್ಯಾಮೆರಾಗೆ ಕತ್ತಲೆ ಕೋಣೆಯಲ್ಲಿ ಬೆಳಕು ಎಲ್ಲಿಂದ ಬಂದಿರಬಹುದು ಅಂತ ಕೇಳು. ಒಳ್ಳೆ ಕೆಲಸಗಾರರಾದರೆ ಹೇಳ್ತಾರೆ.

ಚೆನ್ನಾಗಿ ಓದು.

ಅಕ್ಕ


ನವೆಂಬರ್ ೨

ಅಕ್ಕ,

ಗೆದ್ದೆ ನೀನು.

ಮಗಳು ಕೇಳಿದಳು. ನೀನು ಹೇಳಿಕೊಟ್ಟ ಮಾತನ್ನೇ, ಒಂದಕ್ಷರ ಬಿಡದೆ. ಟಿವಿ ಮುಂದೆ ಅಲ್ಲ, ನಾನು ಕ್ಯಾಮೆರಾ ಒರೆಸ್ತಾ ಕೂತಿದ್ದಾಗ. ಸುಳ್ಳು ಹೇಳೋಣ ಅಂತ ಬಾಯಿ ತೆಗೆದೆ. ಕಿಟಕಿಯಿಂದ ಅಂದುಬಿಟ್ಟೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರ್ತಿತ್ತು. ಈಗ ಮನೆಯಲ್ಲಿ ಕಿಟಕಿ ಹತ್ತಿರ ನಾನು ಹೋದರೆ ಎದ್ದು ಬೇರೆ ಕೋಣೆಗೆ ಹೋಗ್ತಾಳೆ. ಮೊನ್ನೆ ಅವಳ ಫೋಟೋ ತೆಗೆಯೋಣ ಅಂತ ಕ್ಯಾಮೆರಾ ಎತ್ತಿದೆ. ‘ನನ್ನನ್ನ ಕೇಳಿದ್ರಾ?’ ಅಂದಳು.

ಇನ್ನು ಮುಚ್ಚಿಡೋದಕ್ಕೆ ಏನೂ ಉಳಿದಿಲ್ಲ. ವಿಡಿಯೋ ಹಾಕು. ಕಿಟಕಿಯ ಭಾಗವೂ ಇರಲಿ, ಹೆಸರೂ ಇರಲಿ, ಮುಖವೂ ಇರಲಿ. ಚಿತ್ರೋತ್ಸವದವರ ಹತ್ತಿರವೂ ಮಾತಾಡಿದೆ. ನಾನೇ ಮುಂದೆ ಬಂದು ಎಲ್ಲ ಒಪ್ಪಿಕೊಂಡರೆ ಮತ್ತೆ ಯೋಚನೆ ಮಾಡ್ತಾರಂತೆ. ಅದಕ್ಕೋಸ್ಕರ ಅಂತ ಅಲ್ಲ. ಮಗಳಾದರೂ ನೋಡಲಿ, ಅಪ್ಪ ಕೊನೆಗೆ ಊರಿಗೆಲ್ಲ ಕೇಳೋ ಹಾಗೆ ಒಪ್ಪಿಕೊಂಡ ಅಂತ. ಅಷ್ಟು ಉಪಕಾರ ಮಾಡು. ಆ ಕಪ್ಪು ಪರದೆ ಮಾತ್ರ ಇನ್ನು ಬೇಡ. ಅದನ್ನ ನನ್ನಿಂದ ನೋಡೋಕಾಗ್ತಿಲ್ಲ.

ನಾನು ಹೂಂ ಅಂದಿದ್ದೀನಿ. ಇದೇ ನನ್ನ ಒಪ್ಪಿಗೆ.

ಲೆನ್ಸ್


ನವೆಂಬರ್ ೧೯

ಲೆನ್ಸ್‌ಗೆ,

ನಿನ್ನ ಹೂಂ ಬಂದ ದಿನವೇ ಆಸ್ಪತ್ರೆಯ ಆದೇಶವೂ ಬಂತು. ಇನ್ನು ಮೇಲೆ ನಮ್ಮವರು ಹೆಂಗಸರ ವಾರ್ಡು ಬೇಕು ಅಂದರೆ ಹೆಂಗಸರ ವಾರ್ಡಿನಲ್ಲೇ ಮಂಚ ಕೊಡಬೇಕು. ಕಾಗದ ಕೈಯಿಂದ ಕೈಗೆ ಹೋಯ್ತು, ಒಬ್ಬೊಬ್ಬರೂ ಒಂದೊಂದು ಸಲ ಓದಿದರು. ಹೊಲಿಗೆಯವಳು ಓದೋಕೆ ಬರದಿದ್ದರೂ ಹಿಡಿದುಕೊಂಡು ಕೂತಿದ್ದಳು. ಅವಳಿಗೆ ಸಿಗಲಿಲ್ಲವಲ್ಲ ಅಂದಳು. ಯಾರಿಗೆ ಅಂತ ಯಾರೂ ಕೇಳಲಿಲ್ಲ.

ಆ ಬಿಸಿಯಲ್ಲೇ ನಾನು, ಇವತ್ತು ರಾತ್ರಿಯೇ ಇವನ ವಿಡಿಯೋ ಹಾಕೋಣ ಅಂದೆ. ಎಷ್ಟು ಸಂಭ್ರಮದಲ್ಲಿದ್ದೆ ಗೊತ್ತಾ! ನಿನ್ನ ಅರಳಿದ ಕಣ್ಣನ್ನ ಊರಿಗೆ ಊರೇ ನೋಡ್ಲಿ ಅಂತ ಎಷ್ಟು ತಿಂಗಳಿಂದ ಕಾದಿದ್ದೆ. ಶೀರ್ಷಿಕೆ ಕೂಡ ಬರೆದಿಟ್ಟಿದ್ದೆ.

ಕತ್ತರಿ ಎದ್ದು ನಿಂತು, ‘ಈ ವಿಡಿಯೋದಲ್ಲಿ ಇನ್ನೊಬ್ಬರಿದ್ದಾರಲ್ಲ ಅಕ್ಕ’ ಅಂದಳು.

ನನಗೆ ಅರ್ಥ ಆಗಲಿಲ್ಲ. ನಿನ್ನ ಮೇಲಿನ ರೋಷದಲ್ಲಿ ನನಗೆ ನಮ್ಮ ನಿಯಮದ ಅರ್ಧವೇ ಮರೆತುಹೋಗಿತ್ತು. ಮುಖ ನಿನ್ನದು. ನೀನು ಹೇಳಿದ್ದು ಯಾರ ಕಥೆ? ಸೋಪಿನ ನೊರೆ ಯಾರ ಮುಖದ ಮೇಲಿತ್ತು? ಗೋಡೆ ಕಡೆ ತಿರುಗಿಕೊಂಡು ಕಿಟಕಿಗೆ ಹೋದವಳು ಯಾರು? ನೀನು ಒಂದು ಸಲ ಅವಳ ಮುಖ ಊರಿಗೆ ಹಂಚಿದೆ. ನಾನು ಇನ್ನೊಂದು ಸಲ, ನಿನ್ನ ಬಾಯಿಂದ, ಹಂಚೋಕೆ ಹೊರಟಿದ್ದೆ. ಕತ್ತರಿ ಮೇಲೆ ರೇಗಿದೆ. ಆಮೇಲೆ ನನಗೆ ನಗು ಬಂತು. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ಎಲ್ಲರೂ ಇವಳಿಗೇನಾಯ್ತು ಅಂತ ನೋಡಿದರು.

ಆ ವಿಡಿಯೋವನ್ನ ನಾವು ಬಾಗಿಲು ಹಾಕಿಕೊಂಡು ನೋಡಿದೆವು. ಆ ಮಹಡಿ ಮನೆಯಲ್ಲಿ ಅವಳ ಕೈ ಅನ್ನ ತಿಂದ ನಾವಿಬ್ಬರೇ, ಜೊತೆಗೆ ಕಂಪ್ಯೂಟರ್ ನಡೆಸೋಕೆ ಕತ್ತರಿ. ಅವಳು ನಿನಗೆ ‘ನಿದ್ದೆ ಮಾಡಪ್ಪಾ’ ಅಂದ ಕಡೆ ಹೊಲಿಗೆಯವಳು ನಿಲ್ಲಿಸು ಅಂದಳು. ನೀನು ಅಳೋ ಭಾಗ ಬಂದಾಗ ಮತ್ತೆ ನಿಲ್ಲಿಸಿ, ‘ಅಳೋವಾಗಲೂ ಬೆಳಕಿನ ಕಡೆಗೇ ಮುಖ ತಿರುಗಿಸಿದ್ದಾನೆ ನೋಡು’ ಅಂದಳು. ಬೇಕಾದರೆ ನೀನೂ ನೋಡು, ಪೆನ್ ಡ್ರೈವ್ ಇನ್ನೂ ನಿನ್ನ ಹತ್ತಿರವೇ ಇದೆ.

ಆದ್ದರಿಂದ ಹೀಗೆ. ನೀನು ಒಪ್ಪಿಕೊಂಡಿದ್ದನ್ನ ಕೇಳಬೇಕಾದವರು ಕೇಳಿಯಾಯ್ತು. ಊರಿಗೆ ಕೇಳಿಸಿ, ಚಿತ್ರೋತ್ಸವಕ್ಕೆ ಕೇಳಿಸಿ, ನಿನ್ನ ಹೆಸರು ತೊಳೆದುಕೊಳ್ಳೋಕೆ ನಮ್ಮ ಪರದೆ ಕೊಡಲ್ಲ. ಮಗಳ ಹತ್ತಿರ ಬಾಯಿಬಿಟ್ಟಿದ್ದೀಯ. ಅದು ನಿನ್ನ ಮನೆಯ ಮಾತು, ನನ್ನನ್ನ ಅಲ್ಲಿಗೆ ಕರೀಬೇಡ.

ಕಪ್ಪು ಪರದೆ ಹಾಗೇ ಇರುತ್ತೆ. ನಮ್ಮಲ್ಲಿ ಸುಳ್ಳು ನಡೆಯಲ್ಲ, ಹಾಗಾಗಿ ಬರಹ ಬದಲಾಯಿಸಿದ್ದೀವಿ. ಮುಂದಿನ ತಿಂಗಳಿಂದ ಹೀಗೆ ಬರುತ್ತೆ: ‘ಇಲ್ಲಿ ಮಾತಾಡಿದವರು ತೋರಿಸಿ ಅಂದಿದ್ದಾರೆ. ಅವರು ಯಾರ ಕಥೆ ಹೇಳಿದರೋ ಅವರ ಉತ್ತರಕ್ಕೆ ಕಾಯುತ್ತಿದ್ದೇವೆ.’

ಇನ್ನು ಉಳಿದಿರೋದು ಅವಳೊಬ್ಬಳ ಹೂಂ. ಅದನ್ನ ತರೋದು ನನ್ನ ಕೆಲಸ ಅಲ್ಲ, ನಿನ್ನದು. ಎಲ್ಲಿದ್ದಾಳೆ ಅಂತ ಮೊದಲೇ ಬರೆದಿದ್ದೀನಿ, ರೈಲು ಹಳಿ ಪಕ್ಕ, ನಲ್ಲಿ ಇರೋ ಗೋಡೆ ಕಡೆ. ಬೆಳಿಗ್ಗೆ ಹೋದರೆ ಬೆಳಕು ಚೆನ್ನಾಗಿರುತ್ತೆ.

ಹೋಗು. ಈ ಸಲ ಅವಳನ್ನ ಕೇಳಿ ಬಾ.

ಅಕ್ಕ